ಮುಂದಿನ ಕರೆ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಲಿನವನಿಂದ ಹಿಡಿದು ಎದುರುಮನೆಯ ದರ್ಜಿಯವರೆಗೆ ಎಲ್ಲರ ಬಾಯಲ್ಲೂ ಅವರು ‘ಎಂಟು ಗಂಟೆಯವರು’. ದಿನಾ ಸಂಜೆ ಎಂಟಕ್ಕೆ ಟಿವಿಯಲ್ಲಿ ಪ್ರತ್ಯಕ್ಷರಾಗಿ, ಐದಾರು ರಾಜಕಾರಣಿಗಳನ್ನು ಸಾಲಾಗಿ ಕೂರಿಸಿಕೊಂಡು, ಒಂಬತ್ತರವರೆಗೆ ಅವರ ಬೆವರಿಳಿಸುವುದು ಅವರ ಉದ್ಯೋಗ. ಮೂವತ್ತನಾಲ್ಕು ವರ್ಷದ ಕಸುಬು. ಮೊದಲ ಹದಿನೈದು ವರ್ಷ ಪತ್ರಿಕೆಯಲ್ಲಿ, ಸೈಕಲ್ಲಿನ ಮೇಲೆ; ಆಮೇಲಿನದೆಲ್ಲ ಟಿವಿಯಲ್ಲಿ, ಮುಖಕ್ಕೆ ಪೌಡರ್ ಹಚ್ಚಿಕೊಂಡು.

ಇದ್ದದ್ದನ್ನು ಇದ್ದಂತೆ ಹೇಳಬೇಕು, ಒಂದು ಕಾಲಕ್ಕೆ ಎದೆಗಾರಿಕೆಯ ಮನುಷ್ಯ. ಮತಪೆಟ್ಟಿಗೆ ಹೊತ್ತೊಯ್ಯುತ್ತಿದ್ದವರ ಫೋಟೋ ತೆಗೆಯಲು ಹೋಗಿ ಎರಡು ಹಲ್ಲು ಕಳೆದುಕೊಂಡಿದ್ದರು. ಒಂಬತ್ತು ದಿನ ಜೈಲಿನಲ್ಲಿದ್ದು ಬಂದಿದ್ದರು. ಟಿವಿಗೆ ಬಂದ ಹೊಸದರಲ್ಲಿ, ಒಂದು ಬಡಾವಣೆಗೆ ಎರಡು ತಿಂಗಳು ನೀರು ಬಿಡದ ಅಧಿಕಾರಿಯ ವಿಷಯ ಮಾತಾಡುತ್ತ, “ಮನೆ ಬಾಗಿಲಿಗೇ ಹೋಗಿ ಕೇಳಿ!” ಎಂದು ಕ್ಯಾಮೆರಾ ನೋಡಿ ಗುಡುಗಿದ್ದರು. ಜನ ಖಾಲಿ ಕೊಡ ಹಿಡಿದು ಹೋಗಿ ಕೇಳಿದರು. ಮರುದಿನ ನೀರು ಬಂತು. ಅವತ್ತಿನಿಂದ ಆ ಮಾತು ಅವರ ನಾಲಗೆಗೆ ಅಂಟಿಕೊಂಡಿತು. ಈಗೀಗ ಈರುಳ್ಳಿ ಬೆಲೆ ಏರಿದರೂ ಯಾರದಾದರೊಬ್ಬರ ಮನೆ ಬಾಗಿಲಿಗೆ ಹೋಗಿ ಕೇಳಬೇಕಿತ್ತು.

ಮನೆಯವರ ಪಾಲಿಗೆ ಅವರು ಎಡಗಿವಿ ಮಂದವಾದ ಗಂಡಸು, ಅಷ್ಟೆ. ಕಾರ್ಯಕ್ರಮ ನಡೆಯುವಷ್ಟು ಹೊತ್ತೂ ಒಳಕೋಣೆಯಿಂದ ಪ್ರೊಡ್ಯೂಸರ್ ಕೂಗುವುದು ಕೇಳಲೆಂದು ಕಿವಿಯೊಳಗೆ ಒಂದು ಪುಟ್ಟ ಯಂತ್ರ ಸಿಕ್ಕಿಸಿಕೊಳ್ಳಬೇಕು. ವರ್ಷಗಟ್ಟಲೆ ಎಡಗಿವಿಯಲ್ಲಿ ಕೂತು ಅದು ಆ ಕಿವಿಯನ್ನು ತಿಂದು ಮುಗಿಸಿತ್ತು. ಈಗ ಬಲಗಿವಿಗೆ ಬಂದಿತ್ತು. ಹಾಗಾಗಿ ಊಟಕ್ಕೆ ಕೂತಾಗ ಏನಾದರೂ ಹೇಳಬೇಕಾದವರು ಬಲಕ್ಕೆ ಕೂರುತ್ತಿದ್ದರು, ಬೈಯಬೇಕಾದವರು ಎಡಕ್ಕೆ.

ಹೆಂಡತಿ ಹೆಚ್ಚಾಗಿ ಎಡಕ್ಕೇ ಕೂರುತ್ತಿದ್ದರು. ಹಳೇ ಪತ್ರಿಕೆಯವರು ಅವರನ್ನು ಇವತ್ತಿಗೂ ಟೈಪಿಸ್ಟಮ್ಮ ಎನ್ನುತ್ತಾರೆ. ಮದುವೆಯಾದ ಮೇಲೆ ಕಚೇರಿ ಬಿಟ್ಟರು, ಟೈಪು ಬಿಡಲಿಲ್ಲ. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಗುಟ್ಟಾಗಿ ತಂದುಕೊಟ್ಟ ಸರ್ಕಾರಿ ಕಾಗದ ಮೊದಲು ಅಡುಗೆಮನೆಯ ಮೇಜಿಗೆ ಬರಬೇಕು. ಟೈಪಿಸ್ಟಮ್ಮ ಅದನ್ನು ಅಕ್ಷರ ಬಿಡದೆ ಟೈಪ್ ಮಾಡಬೇಕು. ನಕಲು ಗಂಡನ ಚೀಲಕ್ಕೆ, ಮೂಲ ಒಲೆಗೆ. ಒಂದು ಪಿನ್ನಿನ ತೂತು, ಮೂಲೆಯಲ್ಲೊಂದು ಪೆನ್ಸಿಲ್ ಗೀಟು ಸಾಕು, ಕಾಗದ ಕೊಟ್ಟವನ ಕೊರಳಿಗೆ ಹಗ್ಗ ಬೀಳಲು. “ಹೆಸರು ನಿಮ್ಮದು, ಹೊಗೆ ನನ್ನದು” ಎಂದು ಅವರು ನಗುತ್ತಿದ್ದರು. ಅಷ್ಟು ವರ್ಷಗಳಲ್ಲಿ ಆ ಮನೆಗೆ ಕಾಗದ ತಂದ ಒಬ್ಬ ಜವಾನನ ಕೂದಲೂ ಕೊಂಕಿರಲಿಲ್ಲ.

ಮನೆಯಲ್ಲಿ ಇನ್ನಿಬ್ಬರು. ಎಂಟು ಗಂಟೆಯವರ ತಾಯಿ, ಎಂಬತ್ತೆರಡರ ಅಜ್ಜಿ, ಮಗ ಟಿವಿಯಲ್ಲಿ ಬಂದ ಕೂಡಲೇ ಸೆರಗು ಸರಿ ಮಾಡಿಕೊಂಡು ಕೂರುವವರು. ಮತ್ತೆ ಮಗಳು, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್, ಅಪ್ಪನ ಕಾರ್ಯಕ್ರಮ ಶುರುವಾದ ಕೂಡಲೇ ಎದ್ದುಹೋಗುವವಳು.

ಒಂದು ಸೋಮವಾರ ಬೆಳಿಗ್ಗೆ ಟೈಪಿಸ್ಟಮ್ಮನ ತಮ್ಮ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದ. ಲೋಕೋಪಯೋಗಿ ಇಲಾಖೆಯ ರವಾನೆ ವಿಭಾಗದಲ್ಲಿ ಗುಮಾಸ್ತ, ನಲವತ್ತೈದಾದರೂ ಒಂಟಿ, ಇರುವೆ ಕಂಡರೂ ದಾಟಿ ನಡೆಯುವ ಪ್ರಾಣಿ. ಬ್ರೆಡ್ಡಿನ ಕೆಳಗೆ ಒಂದು ಕಾಗದವಿತ್ತು.

ತಿಂಗಳ ಹಿಂದೆ ಒಂದು ಸೇತುವೆ ಕುಸಿದು ಹನ್ನೊಂದು ಜನ ಸತ್ತಿದ್ದರು. ಅದಕ್ಕೂ ಒಂದು ವರ್ಷ ಮೊದಲೇ ಎಂಜಿನಿಯರು, ಸೇತುವೆ ಮುಚ್ಚಿಸಬೇಕು ಎಂದು ಬರೆದಿದ್ದ ಟಿಪ್ಪಣಿ ಅದು. ಪಕ್ಕದಲ್ಲಿ ಮಂತ್ರಿಯ ಕೈಬರಹ: ‘ಚುನಾವಣೆ ಮುಗಿಯಲಿ.’

“ಎಲ್ಲಿಂದ ತಂದ್ಯೋ ಇದನ್ನ?” ಟೈಪಿಸ್ಟಮ್ಮ ಕೇಳಿದರು.

“ನನ್ನ ಬೀರುವಿನಿಂದಲೇ ಅಕ್ಕಾ. ರಾತ್ರಿಯೆಲ್ಲ ನಿದ್ದೆ ಬರಲ್ಲ. ಸತ್ತವರಲ್ಲಿ ಒಬ್ಬಳು ಶಾಲೆ ಚೀಲ ಹಾಕ್ಕೊಂಡಿದ್ದಳಂತೆ.”

“ಮೂಲೆಯಲ್ಲಿ ಇದೇನು, ನೇರಳೆ ಪೆನ್ಸಿಲಲ್ಲಿ ನಾಲ್ಕು ಅಂತ?”

“ಪ್ರತಿ ನಂಬರು. ನಾಲ್ಕು ಪ್ರತಿ ಆಗುತ್ತೆ. ಮೂರು ಹೊರಗೆ ಹೋಗುತ್ತೆ, ನಾಲ್ಕನೇದು ನನ್ನ ಹತ್ರ.”

“ಹಾಗಾದ್ರೆ ಇದು ಮೊದಲು ಸುಟ್ಟುಹೋಗ್ಬೇಕು.”

ಎಂಟು ಗಂಟೆಯವರು ಕಾಗದ ಓದಿ ಮೈದುನನ ಬೆನ್ನು ತಟ್ಟಿದರು. ಬಹಳ ದಿನದ ಮೇಲೆ ಅವರ ಕಣ್ಣಲ್ಲಿ ಸೈಕಲ್ಲಿನ ಕಾಲದ ಹೊಳಪು ಬಂದಿತ್ತು. “ಗಂಡಸು ಕಣೋ ನೀನು” ಎಂದರು. ಗುಮಾಸ್ತ ನಾಚಿಕೊಂಡು ಚಹಾ ಚೆಲ್ಲಿಕೊಂಡ.

ಟೈಪಾಯಿತು. ಹೆಂಡತಿ ಒಲೆ ಹಚ್ಚುವಾಗ ಗಂಡ ಕೈ ಚಾಚಿದರು. “ಮೂಲಾನೂ ಕೊಡು. ಚಾನೆಲ್ ವಕೀಲರು ನೋಡ್ಬೇಕಂತೆ. ಸಂಜೆ ವಾಪಸ್ ತರ್ತೀನಿ, ಆಗ ಸುಡು.”

“ಕ್ಯಾಮೆರಾ ಮುಂದೆ ತೆಗೀಬೇಡಿ.”

“ನನಗೇ ಪಾಠ ಹೇಳ್ತೀಯಾ? ನಿನ್ನೆ ಮೊನ್ನೆ ಬಂದವನಾ ನಾನು?”

ಕೊಟ್ಟರು. ಆಮೇಲೆ ಅವರು ತಮ್ಮನ್ನು ತಾವು ಎಷ್ಟು ಸಲ ಶಪಿಸಿಕೊಂಡರೋ ಲೆಕ್ಕವಿಲ್ಲ.

ಸಂಜೆ ಮಂತ್ರಿಯ ಪಕ್ಷದ ವಕ್ತಾರ ನಕಲನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕ. “ಇದನ್ನ ನಿಮ್ಮನೆ ಅಡುಗೆಮನೇಲಿ ಟೈಪ್ ಮಾಡಿಸಿದ್ದೀರಾ ಸಾರ್?” ಎಂದ. ಕುರುಡನ ಕಲ್ಲು ಗುರಿಗೆ ಬಿದ್ದಂತಾಯಿತು. ಎಂಟು ಗಂಟೆಯವರ ಮುಖ ಕೆಂಪೇರಿತು. ಕಿವಿಯೊಳಗೆ ಪ್ರೊಡ್ಯೂಸರ್ ಕೂಗಿದಳು: “ಒರಿಜಿನಲ್ ಇದೆಯಲ್ಲ, ಹಿಡೀರಿ! ಹಿಡೀರಿ ಸಾರ್!” ಅವರು ಚೀಲಕ್ಕೆ ಕೈಹಾಕಿ ಮೂಲವನ್ನು ಎಳೆದು ಕ್ಯಾಮೆರಾದ ಮೂತಿಗೆ ಹಿಡಿದರು.

ಮನೆಯಲ್ಲಿ ಟೈಪಿಸ್ಟಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪರದೆಯ ಮೇಲೆ ನೇರಳೆ ನಾಲ್ಕು ಅಂಗೈಯಗಲ ಮೂಡಿತು.

“ಅಯ್ಯೋ ಪಾಪಿ” ಎಂದರು ಅವರು.

“ಯಾರಿಗೇ ಪಾಪಿ ಅಂತೀಯಾ?” ಅಜ್ಜಿ ಗದರಿದರು. “ಆ ವಕ್ತಾರನ ಮುಖ ನೋಡು, ಹೇಗೆ ಹುಳ್ಳಗಾಗಿದೆ! ಭೇಷ್ ಮಗನೇ!”

ಊಟಕ್ಕೆ ಬಂದ ಗಂಡನ ಬಲಕ್ಕೇ ಕೂತರು ಟೈಪಿಸ್ಟಮ್ಮ. “ಅವನನ್ನ ಕೊಂದುಬಿಟ್ಟಿರಿ.”

“ಒಂದು ಪೆನ್ಸಿಲ್ ಗೀಟು ಯಾರು ನೋಡ್ತಾರೆ? ಇಡೀ ದೇಶ ನನ್ನ ಬಗ್ಗೆ ಮಾತಾಡ್ತಿದೆ, ನಿನಗೆ ಗೀಟಿನ ಚಿಂತೆ!”

“ನಾನು ನೋಡಿದೆನಲ್ಲ? ನೋಡಬೇಕಾದವರೂ ನೋಡ್ತಾರೆ.”

“ಸಾಕು ಮಾಡು!” ತಟ್ಟೆ ಗೋಡೆಗೆ ಹೋಗಿ ಬಡಿಯಿತು. ಅನ್ನ, ಬೇಳೆ, ಉಪ್ಪಿನ ಬಟ್ಟಲು ಎಲ್ಲ ಅಜ್ಜಿಯ ಮಡಿಲಿಗೆ. ಅಜ್ಜಿ ಒಂದೊಂದೇ ಅಗುಳು ಆರಿಸಿಕೊಳ್ಳುತ್ತ ಸೊಸೆಗೇ ಬೈದರು: “ಹಸಿದು ಬಂದವನನ್ನ ಕೆಣಕಬಾರದು ಅನ್ನೋ ಬುದ್ಧಿ ಬೇಡವಾ?” ಹೆತ್ತವರಿಗೆ ಹೆಗ್ಗಣ ಮುದ್ದು.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಮಾಸ್ತ ಬಸ್ ನಿಲ್ದಾಣದ ಹತ್ತಿರ ಬಾಳೆಹಣ್ಣು ಕೊಳ್ಳುತ್ತಿದ್ದ. ನಾಲ್ವರು ಬಂದರು. ಹಣ್ಣಿನವಳ ಕಣ್ಣೆದುರೇ ಅವನನ್ನು ಕೆಡವಿದರು. “ಯಾವ ಕೈಯಲ್ಲಿ ಕೊಟ್ಟೆ?” ಎಂದು ಒಬ್ಬ ಕೇಳಿದ. ಗುಮಾಸ್ತ, ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸದವನು, ಬಲಗೈ ನೋಡಿಕೊಂಡ. ಆ ಕೈಯನ್ನು ಪಾದಚಾರಿ ಕಟ್ಟೆಯ ಅಂಚಿಗಿಟ್ಟು, ಒಬ್ಬ ಮಣಿಕಟ್ಟು ತುಳಿದು, ಇನ್ನೊಬ್ಬ ಕಲ್ಲು ಎತ್ತಿ ಹಾಕಿದ. ಮೂರು ಸಲ. ಆಮೇಲೆ ಕಬ್ಬಿಣದ ಸಲಾಕೆಯಿಂದ ಪಕ್ಕೆಗೆ. ಹೋಗುವಾಗ ಹಣ್ಣಿನವಳಿಗೆ, “ನೀನೇನೂ ನೋಡಿಲ್ಲ, ಅಲ್ವಾ?” ಎಂದರು. ಅವಳು ಇಲ್ಲವೆಂದಳು.

ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದವಳು ಮಗಳೇ. ತಳ್ಳುಗಾಡಿಯ ಮೇಲೆ ಬಂದವನ ಮುಖದ ರಕ್ತ ಒರೆಸಿದ ಮೇಲಷ್ಟೇ ಅವಳಿಗೆ ಗುರುತು ಸಿಕ್ಕಿದ್ದು.

“ಮಾವ! ಯಾರು ಮಾಡಿದ್ದು?”

“ಅಳಬೇಡ ಪುಟ್ಟಿ. ಮೊದಲು ಕೈ ನೋಡು. ಪೆನ್ನು ಹಿಡಿಯೋ ಹಾಗಿರುತ್ತಾ?”

ಮಗಳು ಕೈ ನೋಡಿದಳು. ಬೆರಳುಗಳು ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ. “ಇರುತ್ತೆ ಮಾವ” ಎಂದು ಸುಳ್ಳು ಹೇಳಿದಳು.

ಎರಡು ಬೆರಳು ತೆಗೆದರು. ವಾರದ ಮೇಲೆ ಅವನನ್ನು ಅಕ್ಕನ ಮನೆಗೇ ತಂದು ಹೊರಕೋಣೆಯ ಮಂಚದಲ್ಲಿ ಮಲಗಿಸಿದರು. ಇಲಾಖೆ ಅವನನ್ನು ಅಮಾನತು ಮಾಡಿತ್ತು. ಅವನ ಬಾಡಿಗೆ ಕೋಣೆಗೆ ಬೀಗ ಹಾಕಿ, ಬೀದಿಯವರಿಗೆ ಯಾರೋ ದೂರದ ನೆಂಟ ಎಂದರು.

ಟೈಪಿಸ್ಟಮ್ಮ ತಮ್ಮನಿಗೆ ಗಂಜಿ ಕುಡಿಸುವರು, ಗಡ್ಡ ಹೆರೆಯುವರು. ಗಂಡನೊಂದಿಗೆ ಮಾತಿಲ್ಲ. ಮಗಳು ಪಾಳಿ ಮುಗಿಸಿ ಬಂದು ಗಾಯಕ್ಕೆ ಪಟ್ಟಿ ಬದಲಾಯಿಸುವಳು. ಅಜ್ಜಿ ಮಾತ್ರ ಮಂಚದ ಪಕ್ಕ ಹಾಯುವಾಗೆಲ್ಲ ಗೊಣಗುವರು: “ತಾನೂ ಕೆಟ್ಟ, ನನ್ನ ಮಗನಿಗೂ ತಂದಿಟ್ಟ.” ಗುಮಾಸ್ತ ಅದಕ್ಕೂ, “ಹೌದು ದೊಡ್ಡಮ್ಮ” ಎನ್ನುತ್ತಿದ್ದ.

ಎಂಟು ಗಂಟೆಯವರು ಹೊರಕೋಣೆ ದಾಟುವಾಗ ಫೋನ್ ನೋಡುತ್ತ ದಾಟುತ್ತಿದ್ದರು. ಟಿವಿಯಲ್ಲಿ ಸೇತುವೆಯ ಸುದ್ದಿ ತಣ್ಣಗೆ ನಿಂತುಹೋಯಿತು. ಒಬ್ಬ ಸಿನಿಮಾ ನಟಿಯ ವಿಚ್ಛೇದನ ಶುರುವಾಯಿತು.

ಒಂದು ಭಾನುವಾರ ಮೊಟ್ಟೆ ಒಡೆಯುತ್ತಿದ್ದ ಮಗಳು ತಡೆಯಲಾರದೆ ಕೇಳಿದಳು. “ಅಪ್ಪ, ಮಾವನಿಗೆ ಹೊಡೆದವರು ಯಾರು ಅಂತ ಯಾವತ್ತು ಹೇಳ್ತೀಯಾ?”

“ಅದೆಲ್ಲ ನಿನಗೆ ಅರ್ಥ ಆಗಲ್ಲ. ಚಾನೆಲ್ ಮೇಲೆ ಕೇಸು ಹಾಕಿದ್ದಾರೆ.”

“ಊರಲ್ಲಿರೋರನ್ನೆಲ್ಲ ಬಾಗಿಲಿಗೆ ಹೋಗಿ ಕೇಳು ಅಂತೀಯಾ. ನೀನು ಮಾತ್ರ ಮಂತ್ರಿ ಬಾಗಿಲಿಗೆ ಹೋಗಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನೋ ಹಾಗಿದ್ದೆ. ಈಗ ಊರಿಗೂ ಇಲ್ಲ.”

ಕೆನ್ನೆಗೆ ಬಿದ್ದ ಏಟಿಗೆ ಮೊಟ್ಟೆಯ ಬಟ್ಟಲು ಉರುಳಿತು. ಇಪ್ಪತ್ತೆಂಟರ ಮಗಳಿಗೆ ಅವರು ಹೊಡೆದದ್ದು ಅದೇ ಮೊದಲು. ಎರಡನೇ ಏಟಿಗೆ ಕೈ ಎತ್ತಿದಾಗ ಅವಳು ಮಣಿಕಟ್ಟು ಹಿಡಿದುಬಿಟ್ಟಳು. ಕುಡುಕರನ್ನು, ಹುಚ್ಚೆದ್ದವರನ್ನು ಹಿಡಿದು ಪಳಗಿದ ಕೈ. “ನಿನ್ನೆ ಈ ಕೈಯಲ್ಲಿ ಎಂಟು ಜನರಿಗೆ ಹೊಲಿಗೆ ಹಾಕಿದ್ದೀನಪ್ಪ. ಒಂಬತ್ತನೆಯವನು ನೀನಾಗಬೇಡ” ಎಂದು ಕೈ ಬಿಟ್ಟಳು. ತುಟಿಯಲ್ಲಿ ರಕ್ತ ಬಂದಿತ್ತು. ಹೊರಕೋಣೆಯಿಂದ ಗುಮಾಸ್ತ ಕೂಗಿದ: “ನನ್ನಿಂದ ಜಗಳ ಬೇಡ ಭಾವ, ನಾನು ಕೋಣೆಗೆ ಹೋಗ್ತೀನಿ.”

“ಎಲ್ಲಿಗೂ ಹೋಗಬೇಡ” ಎಂದು ಟೈಪಿಸ್ಟಮ್ಮ ಅಂದರು. ಹದಿನೈದು ದಿನದಲ್ಲಿ ಗಂಡನಿಗೆ ಕೇಳುವಂತೆ ಅವರಾಡಿದ ಮೊದಲ ಮಾತು.

ನಾಲ್ಕನೇ ವಾರ ಚಾನೆಲ್ ಯಜಮಾನ ಅವರನ್ನು ಕರೆಸಿದ. ಮಂತ್ರಿಯ ಜೊತೆ ರಾಜಿಯಾಗಿತ್ತು. ಕಾಗದ ನಕಲಿ, ಅಸಮಾಧಾನಗೊಂಡ ನೌಕರನೊಬ್ಬ ಸೃಷ್ಟಿಸಿದ್ದು ಎಂದು ಎಂಟು ಗಂಟೆಗೆ ಸ್ವತಃ ಹೇಳಬೇಕು. ಇಲ್ಲವಾದರೆ ಆ ಕುರ್ಚಿಯಲ್ಲಿ ನಾಳೆಯಿಂದ ಬೇರೆಯವರು.

ಮಧ್ಯಾಹ್ನದ ಊಟಕ್ಕೆ ಅದನ್ನು ಮನೆಯಲ್ಲಿ ಹೇಳಿದರು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

“ಹೇಳಿಬಿಡಪ್ಪ” ಎಂದರು ಅಜ್ಜಿ. “ಎರಡು ಮಾತು. ಹೇಗೂ ಅವನ ಕೆಲಸ ಹೋಗಿದೆ. ನಿನ್ನದೂ ಯಾಕೆ ಹೋಗ್ಬೇಕು?”

“ಅತ್ತೆ, ಬಾಯಿ ಮುಚ್ಚಿ” ಎಂದರು ಟೈಪಿಸ್ಟಮ್ಮ. ಅಜ್ಜಿ ನಿಜವಾಗಿ ಬಾಯಿ ಮುಚ್ಚಿದರು, ಆಶ್ಚರ್ಯದಿಂದ.

ಗುಮಾಸ್ತ ಎದ್ದುಬಂದು ಎಡಗೈಯಲ್ಲಿ ಕುರ್ಚಿ ಎಳೆದು ಭಾವನ ಬಲಕ್ಕೆ ಕೂತ. “ನಿಜ ಹೇಳಿ ಅಂತ ಕೇಳಲ್ಲ ಭಾವ. ನೀವು ಸುಮ್ಮನಿದ್ದುಬಿಡಿ. ಹನ್ನೊಂದು ಜನ ಸತ್ತಿದ್ದಕ್ಕೆ ಇರೋದು ಅದೊಂದೇ ಕಾಗದ. ನಾನು ಕಳ್ಳ ಅಂತ ಬೇಕಾದ್ರೆ ಅನ್ನಿ. ಕಾಗದ ಸುಳ್ಳು ಅಂತ ಮಾತ್ರ ಹೇಳ್ಬೇಡಿ.”

“ಮೂವತ್ತನಾಲ್ಕು ವರ್ಷ ಕಣೋ” ಎಂದರು ಎಂಟು ಗಂಟೆಯವರು. “ಆ ಕುರ್ಚಿ ಬಿಟ್ಟರೆ ನಾನು ಯಾರು?”

“ನನ್ನ ಭಾವ.”

ಎಂಟು ಗಂಟೆಯವರು ಅಂಗಿ ಕೇಳಿದರು. ಟಿವಿಯಲ್ಲಿ ಕಾಣುವುದು ಎದೆಯ ಮೇಲ್ಭಾಗವಷ್ಟೇ, ಹಾಗಾಗಿ ಟೈಪಿಸ್ಟಮ್ಮ ದಿನಾ ಅಂಗಿಯ ಕಾಲರು, ಮುಂಭಾಗಕ್ಕಷ್ಟೇ ಇಸ್ತ್ರಿ ಹಾಕುತ್ತಿದ್ದರು. ಅವತ್ತು ಅಂಗಿ ಹರಡಿ, ಕಾದ ಪೆಟ್ಟಿಗೆಯನ್ನು ಎಡ ಎದೆಯ ಮೇಲಿಟ್ಟು ಕೈ ತೆಗೆಯಲಿಲ್ಲ. ಹೊಗೆ ಎದ್ದಿತು. ಬಟ್ಟೆ ಕಪ್ಪಾಗಿ, ತೂತಾಗಿ, ಕೆಳಗಿನ ಹೊದಿಕೆಯೂ ಕರಕಾಗುವವರೆಗೆ ಒತ್ತಿ ನಿಂತಿದ್ದರು. “ತಗೊಳ್ಳಿ” ಎಂದು ಅಂಗಿಯನ್ನು ಗಂಡನ ಮುಖಕ್ಕೆ ಎಸೆದರು.

ಎಂಟು ಗಂಟೆಯವರು ನಿನ್ನೆಯ ಅಂಗಿ ತೊಟ್ಟು ಹೋದರು.

ಎಂಟು ಗಂಟೆ ಐದು ನಿಮಿಷ. ಮನೆಯಲ್ಲಿ ನಾಲ್ವರೂ ಟಿವಿ ಮುಂದೆ ಇದ್ದರು. ಎಂಟು ಗಂಟೆಯವರು ತಗ್ಗಿದ ದನಿಯಲ್ಲಿ ಶುರು ಮಾಡಿದರು, ನಾವು ಮೋಸಹೋದೆವು ಎಂದರು, ಕಾಗದ ನಕಲಿ ಎಂದರು. ಹೇಳುತ್ತ ಹೇಳುತ್ತ ದನಿ ಏರಿತು. ಮೆಲ್ಲಗೆ ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಮೇಜಿನ ಮೇಲೆ ಇಲಾಖೆ ಕಳಿಸಿದ ಇನ್ನೊಂದು ಹಾಳೆಯಿತ್ತು: ಗುಮಾಸ್ತನ ಸೇವಾ ಪುಸ್ತಕದ ಮೊದಲ ಪುಟ. ತಡವಾಗಿ ಬಂದದ್ದಕ್ಕೆ ಎರಡು ಸಲ ಎಚ್ಚರಿಕೆ ಪಡೆದ ನೌಕರ ಎಂದು ತೋರಿಸಲು. “ಹಿಡೀರಿ, ಹತ್ತಿರ, ಇನ್ನೂ ಹತ್ತಿರ” ಎಂದಳು ಪ್ರೊಡ್ಯೂಸರ್. ಹಿಡಿದರು. ಕ್ಯಾಮೆರಾದ ಕಡೆ ತಿರುಗಿಸಿದ ಕಾಗದವನ್ನು ಹಿಡಿದವರು ಓದಲಾರರು.

“ಇಂಥವನನ್ನ ಬಿಡಬೇಕಾ?” ಎಂದು ಗುಡುಗಿದರು. ನಾಲಗೆ ತನ್ನ ಹಳೇ ದಾರಿ ಹಿಡಿಯಿತು. “ಮನೆ ಬಾಗಿಲಿಗೇ ಹೋಗಿ ಕೇಳಿ!”

ಪರದೆಯ ತುಂಬ ಇಪ್ಪತ್ತೆರಡರ ಹರೆಯದ ಗುಮಾಸ್ತನ ಫೋಟೋ. ಅದರ ಕೆಳಗೆ ವಿಳಾಸ.

“ಅಕ್ಕಾ” ಎಂದ ಗುಮಾಸ್ತ. “ಅದು ಈ ಮನೆ ವಿಳಾಸ.”

ಕೆಲಸಕ್ಕೆ ಸೇರಿದಾಗ ಅವನು ಅಕ್ಕನ ಮನೆಯಲ್ಲೇ ಇದ್ದ. ಆಮೇಲೆ ಬೇರೆ ಕೋಣೆ ಹಿಡಿದರೂ, ಅಕ್ಕನ ಮನೆ ತಾನೇ ಎಂದು ಬದಲಾಯಿಸಿರಲಿಲ್ಲ.

ಮಗಳು ಠಾಣೆಗೆ ಫೋನ್ ಮಾಡಿದಳು. ಗಾಡಿ ಹೊರಗೆ ಹೋಗಿದೆ, ಬಂದ ಮೇಲೆ ಕಳಿಸುತ್ತೇವೆ ಎಂದರು. ಅಪ್ಪನ ಫೋನ್ ಸ್ಟುಡಿಯೋದ ಕಪಾಟಿನಲ್ಲಿ ಬಾಯಿ ಕಟ್ಟಿಕೊಂಡು ಕೂತಿತ್ತು. ಮಂತ್ರಿಯ ಪಕ್ಷದ ಕಚೇರಿ ನಾಲ್ಕು ಬೀದಿ ಆಚೆ. ಎಂಟೂವರೆಗೆ ಬೀದಿ ತುಂಬಿತು. ದರ್ಜಿ ದಡಬಡ ಕದ ಎಳೆದುಕೊಂಡ ಸದ್ದು ಕೇಳಿಸಿತು. ಮೊದಲ ಕಲ್ಲು ಕಿಟಕಿಯ ಗಾಜು ಒಡೆದು ಗಂಜಿಯ ಪಾತ್ರೆಗೆ ಬಿತ್ತು. ಮಗಳೂ ಟೈಪಿಸ್ಟಮ್ಮನೂ ಊಟದ ಮೇಜನ್ನು ಎಳೆದು ಬಾಗಿಲಿಗೆ ಒತ್ತರಿಸಿದರು.

ಟಿವಿಯಲ್ಲಿ ವೀಕ್ಷಕರ ಕರೆಗಳು ಶುರುವಾಗಿದ್ದವು. ಕೆಳಗೆ ಫೋನ್ ನಂಬರ್ ಓಡುತ್ತಿತ್ತು. ಟೈಪಿಸ್ಟಮ್ಮ ಆ ನಂಬರ್ ಒತ್ತಿದರು.

“ಪರ ಮಾತಾಡ್ತೀರಾ, ವಿರುದ್ಧಾನಾ?” ಆ ಕಡೆಯ ಹುಡುಗಿ ಕೇಳಿದಳು.

“ಪರ” ಎಂದರು. ಕೂಡಲೇ ಲೈನ್ ಸಿಕ್ಕಿತು.

“ಹೇಳಿ, ಎಲ್ಲಿಂದ ಮಾತಾಡ್ತಿದ್ದೀರಿ?” ಗಂಡನ ದನಿ.

“ಮನೆಯಿಂದ.”

“ದಯವಿಟ್ಟು ನಿಮ್ಮ ಟಿವಿ ಶಬ್ದ ಕಡಿಮೆ ಮಾಡಿ.”

“ಅದು ಟಿವಿ ಅಲ್ಲ ರೀ. ಬಾಗಿಲು ಒಡೀತಿದ್ದಾರೆ. ನೀವು ತೋರಿಸಿದ್ದು ನಮ್ಮನೆ ವಿಳಾಸ. ಬೇಡ ಅಂತ ಹೇಳಿ. ಈಗಲೇ, ಕ್ಯಾಮೆರಾದಲ್ಲಿ, ವಾಪಸ್ ಹೋಗಿ ಅಂತ ಹೇಳಿ. ಫೋನಲ್ಲಿ ನಿಮ್ಮನ್ನ ನೋಡ್ಕೊಂಡೇ ಒಡೀತಿದ್ದಾರೆ, ನಿಮ್ಮ ಮಾತು ಕೇಳ್ತಾರೆ.”

ಸ್ಟುಡಿಯೋದಲ್ಲಿ ಎಂಟು ಗಂಟೆಯವರ ಬಾಯಿ ತೆರೆದೇ ನಿಂತಿತು. ಒಳ್ಳೆಯ ಕಿವಿಯೊಳಗೆ ಪ್ರೊಡ್ಯೂಸರ್ ಕಿರುಚಿದಳು: “ಕಟ್! ಯಾರೋ ಹುಚ್ಚಿ, ಕಟ್ ಮಾಡಿ! ಸಾರ್, ಮುಂದಿನದು!” ಹತ್ತೊಂಬತ್ತು ವರ್ಷ ಆ ಕಿವಿಗಳಿಗೆ ಬಿದ್ದದ್ದೇ ಆ ಬಾಯಿಂದ ಬಂದಿತ್ತು.

“ಸಂಪರ್ಕ ಸರಿಯಿಲ್ಲ” ಎಂದರು ಅವರು. “ಮುಂದಿನ ಕರೆ.”

ಟೈಪಿಸ್ಟಮ್ಮನ ಕೈಯಲ್ಲಿ ಫೋನ್ ಸತ್ತಿತು. ಕೆಲವು ಕ್ಷಣ ತಡವಾಗಿ, ಟಿವಿಯಲ್ಲಿ ಅದೇ ಮಾತು ಮತ್ತೊಮ್ಮೆ ಬಂತು. ಎಲ್ಲರೂ ಕೇಳಿದರು.

“ಅವನಿಗೆ ಕೇಳಿಸಿಲ್ಲ ಕಣೇ” ಎಂದರು ಅಜ್ಜಿ. “ಕಿವಿ ಮಂದ ಅಲ್ವಾ, ಕೇಳಿಸಿರಲ್ಲ. ನಾನು ಹೇಳ್ತೀನಿ ಇವರಿಗೆ. ನಾನು ಯಾರು ಅಂತ ಗೊತ್ತಾದ್ರೆ ಕಾಲಿಗೆ ಬೀಳ್ತಾರೆ.” ಮಗಳು ಹಿಡಿಯುವಷ್ಟರಲ್ಲಿ ಒಡೆದ ಕಿಟಕಿಗೆ ಮುಖ ಕೊಟ್ಟು ಕೂಗಿದರು: “ನಾನು ಎಂಟು ಗಂಟೆಯವರ ತಾಯಿ ಕಣ್ರೋ!”

ಹೊರಗೆ ನಗು ಎದ್ದಿತು. “ನಮ್ಮನ್ನ ಕಳಿಸಿದ್ದೇ ಅವರು ಅಜ್ಜೀ, ಸರಿ ಆಚೆ!” ಅರ್ಧ ಇಟ್ಟಿಗೆ ಬಂದು ಅವರ ಬಾಯಿಗೆ ಬಡಿಯಿತು.

ಬಾಗಿಲ ಮೇಲಿನ ಕೀಲು ಕಿತ್ತು ಬಂತು. ಗುಮಾಸ್ತ ಮಂಚದಿಂದ ಎದ್ದ. ಅಕ್ಕ ಅಂಗಿ ಹಿಡಿದೆಳೆದರು. ಅಂಗಿ ಹರಿದು ಕೈಯಲ್ಲಿ ಉಳಿಯಿತು. ಅವನು ಎಡಗೈಯಿಂದ ಮೇಜು ಸರಿಸಿದ. “ನಾನೇ. ಬಂದೆ. ಒಳಗೆ ಹೆಂಗಸರಿದ್ದಾರೆ, ಅವರನ್ನ ಬಿಡಿ” ಎಂದ. ಮಾತು ಮುಗಿಯುವ ಮೊದಲೇ ಕೂದಲು ಹಿಡಿದು ಬೀದಿಗೆಳೆದರು. ಅದೇ ಮನೆಯ ಊಟದ ಕುರ್ಚಿಯನ್ನು ನೆಲಕ್ಕೆ ಬಡಿದು ಮುರಿದು, ಅದರ ಕಾಲುಗಳಿಂದ ಹೊಡೆದರು. ತಲೆಗೆ, ಪಕ್ಕೆಗೆ, ಪಟ್ಟಿ ಕಟ್ಟಿದ್ದ ಕೈಗೆ. ಮಗಳು ಓಡಿಹೋಗಿ ಅವನ ಮೇಲೆ ಅಡ್ಡ ಬಿದ್ದಳು. “ನರ್ಸು ಕಣ್ರೋ, ನಿಮ್ಮಮ್ಮಂದಿರಿಗೂ ನಾನೇ ಸೂಜಿ ಚುಚ್ಚೋದು, ಬಿಡ್ರೋ!” ಅವಳ ಭುಜದ ಮೂಳೆ ಮುರಿಯಿತು. ಟೈಪಿಸ್ಟಮ್ಮ ಒಲೆಯ ಮೇಲಿದ್ದ ಕುದಿಯುವ ನೀರಿನ ಪಾತ್ರೆಯನ್ನು ತಂದು ಕೈಗೆ ಸಿಕ್ಕವರ ಮೇಲೆ ಎರಚಿದರು. ಆಗ ಕಿರುಚಾಡಿಕೊಂಡು ಚದುರಿದರು. ಒಳಗೆ ಟಿವಿಯಲ್ಲಿ ಎಂಟು ಗಂಟೆಯವರು ಶುಭರಾತ್ರಿ ಹೇಳುತ್ತಿದ್ದರು.

ಬೆಳಗಿನ ಜಾವ ಗುಮಾಸ್ತ ಸತ್ತ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಎಂಟು ಗಂಟೆಯವರು ಬೆಂಚಿನ ಮೇಲೆ ಕೂತಿದ್ದರು. ರಾತ್ರಿಯ ಪೌಡರ್ ಮುಖದಲ್ಲಿ ಬಿರುಕುಬಿಟ್ಟಿತ್ತು. ಮೇಲೆ ಕೋಟು, ಕೆಳಗೆ ಮನೆಯ ಪೈಜಾಮ, ಹವಾಯಿ ಚಪ್ಪಲಿ. ಮಗಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಎದುರು ನಿಂತಿದ್ದಳು. ಸಬ್ ಇನ್ಸ್‌ಪೆಕ್ಟರ್ ಹಾಳೆ ಹಿಡಿದು ಬಂದ.

“ಸಾರ್, ಚಾನೆಲ್ ಯಜಮಾನರು ಫೋನ್ ಮಾಡಿದ್ದರು. ಅಪರಿಚಿತರ ಗುಂಪು ಅಂತ ಬರೆದುಕೊಂಡುಬಿಡ್ಲಾ?” ಎಂದ. ಆಮೇಲೆ ಗಾಲಿಕುರ್ಚಿಯಲ್ಲಿದ್ದ ಅಜ್ಜಿಯ ಕಡೆ ಬಾಗಿದ. “ಅಜ್ಜಿ, ಗುಂಪಿನಲ್ಲಿ ಯಾರದಾದ್ರೂ ಗುರುತು ಸಿಕ್ಕಿತಾ?”

ಅಜ್ಜಿಯ ಬಾಯಿ ಹೊಲಿಗೆಯಲ್ಲಿ ಊದಿತ್ತು. ಕಷ್ಟಪಟ್ಟು ಆಡಿದರು. “ಒಬ್ಬನದು ಸಿಕ್ತು. ಅವನು ಬೀದಿಗೆ ಬಂದಿರಲಿಲ್ಲ. ಟಿವಿಯಲ್ಲಿದ್ದ.”

ಸಬ್ ಇನ್ಸ್‌ಪೆಕ್ಟರ್ ಪೆನ್ನು ತಡೆದು ನಿಂತ. ಎಂಟು ಗಂಟೆಯವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಚಾನೆಲ್ ಯಜಮಾನ. ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು.

ಟೈಪಿಸ್ಟಮ್ಮ ಶವಾಗಾರದಿಂದ ಬಂದರು. ತಮ್ಮನ ಹರಿದ ಅಂಗಿ ಇನ್ನೂ ಕೈಯಲ್ಲೇ ಇತ್ತು. ಗಂಡನ ಬಲಕ್ಕೆ ಕೂತರು. ಸಬ್ ಇನ್ಸ್‌ಪೆಕ್ಟರನಿಂದ ಹಾಳೆ, ಪೆನ್ನು ಇಸಿದುಕೊಂಡು ಗಂಡನ ತೊಡೆಯ ಮೇಲಿಟ್ಟರು.

“ಬರೀರಿ.”

“ಏನಂತ?” ಎಂದರು ಎಂಟು ಗಂಟೆಯವರು. ಆ ದನಿ ಯಾವ ಟಿವಿಯಲ್ಲೂ ಯಾರೂ ಕೇಳಿದ್ದಲ್ಲ.

ಅವರು ಗಂಡನ ಒಳ್ಳೆಯ ಕಿವಿಗೆ ಬಾಯಿ ತಂದರು. ಅತ್ತು ಅತ್ತು ದನಿ ಹೋಗಿತ್ತು, ಆದರೂ ಒಂದೊಂದೇ ಪದ ಬಿಡಿಸಿ ಹೇಳಿದರು. “ಕಾಗದ ನಿಜವಾದದ್ದು. ತಂದವನು ನನ್ನ ಮೈದುನ. ತೋರಿಸಿದವನು ನಾನು. ಆಮೇಲೆ ಅದು ಸುಳ್ಳು ಅಂತ ಹೇಳಿದವನೂ ನಾನು. ಅವನ ಮನೆ ತೋರಿಸಿ ಜನರನ್ನ ಕಳಿಸಿದವನು ನಾನು. ಹೆಂಡತಿ ಫೋನ್ ಮಾಡಿದಳು. ಕೇಳಿಸಿತು.”

ಪೆನ್ನು ಅಲ್ಲಿಯವರೆಗೆ ಓಡಿ ನಿಂತಿತು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

“ಕೇಳಿಸಿತು” ಎಂದರು ಟೈಪಿಸ್ಟಮ್ಮ ಮತ್ತೊಮ್ಮೆ.

ಎಂಟು ಗಂಟೆಯವರು ಅದನ್ನೂ ಬರೆದರು. ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಅಕ್ಷರ ಸೊಟ್ಟಗಾಗಿತ್ತು, ಪೌಡರ್ ಬೆರೆತ ಬೆವರು ಬಿದ್ದು ಎರಡು ಕಡೆ ಶಾಯಿ ಹರಡಿತ್ತು. ಸಬ್ ಇನ್ಸ್‌ಪೆಕ್ಟರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದನ್ನ ಠಾಣೆಯಲ್ಲಿ ನೀಟಾಗಿ ಟೈಪ್ ಮಾಡಿಸ್ತೀನಮ್ಮ” ಎಂದ.

“ಬೇಡ” ಎಂದರು ಟೈಪಿಸ್ಟಮ್ಮ. “ಒರಿಜಿನಲ್ಲೇ ಹೋಗಲಿ.”

ಮತ್ತೆ ತಮ್ಮನ ಅಂಗಿ ಮಡಿಚುತ್ತ ಎದ್ದು, ಮಗಳ ಜೊತೆ ಶವ ತರಲು ಹೋದರು.